ಹಳೆಯ ಜೀಪು ಕೊಂಡು ಮರುಜೀವ ಕೊಡಬೇಕೆ? ಮೊದಲು ಅದರ ಅಡಿಯಲ್ಲಿ ಮಲಗಿ ನೋಡಿ

ಹಳೆಯ ಜೀಪೊಂದನ್ನು ನೋಡಲು ಹೋದವರಲ್ಲಿ ಹೆಚ್ಚಿನವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಎಂಜಿನ್ ಸ್ಟಾರ್ಟ್ ಮಾಡಿಸಿ ಸದ್ದು ಕೇಳುತ್ತಾರೆ, ಹೊಗೆ ನೋಡುತ್ತಾರೆ, ಬಣ್ಣದ ಮೇಲೆ ಕೈಯಾಡಿಸುತ್ತಾರೆ, ಸೀಟಿನಲ್ಲಿ ಕೂತು ಸ್ಟಿಯರಿಂಗ್ ಹಿಡಿಯುತ್ತಾರೆ. ಅಷ್ಟರಲ್ಲಿ ಮನಸ್ಸು ಅರ್ಧ ಒಪ್ಪಿಬಿಟ್ಟಿರುತ್ತದೆ. ಆದರೆ ಆ ವಾಹನವನ್ನು ಕೊಳ್ಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವ ಸಂಗತಿಗಳು ಬಾನೆಟ್ಟಿನ ಕೆಳಗೆ ಇರುವುದೇ ಇಲ್ಲ. ಒಂದು ವಾಹನದ ಹೊಟ್ಟೆಯಡಿಯಲ್ಲಿರುತ್ತದೆ, ಇನ್ನೊಂದು ಮಾಲೀಕರ ಕಡತದಲ್ಲಿ, ಮತ್ತೊಂದು ಬಿಡಿಭಾಗಗಳ ಮಾರುಕಟ್ಟೆಯಲ್ಲಿ.

ಈ ಪ್ರಶ್ನೆ ಈಗ ಹಿಂದೆಂದಿಗಿಂತ ಹೆಚ್ಚು ಜನರ ಮುಂದಿದೆ. ಒಂದು ಕಾಲಕ್ಕೆ ತೋಟ, ಕಾಡು, ಗಣಿ, ಸೇನೆಗಳಲ್ಲಿ ದುಡಿದು ಸವೆದು ಗುಜರಿಗೆ ಹೋಗುತ್ತಿದ್ದ ವಾಹನಗಳನ್ನು ಇಂದು ಜನ ಹುಡುಕಿಕೊಂಡು ಹೋಗುತ್ತಿದ್ದಾರೆ. ತಯಾರಕರೂ ಈ ಒಲವನ್ನು ಗುರುತಿಸಿದ್ದಾರೆ. 2016ರಲ್ಲಿ ಲ್ಯಾಂಡ್ ರೋವರ್ ಸಂಸ್ಥೆ ತನ್ನ ಮೊದಲ ಸರಣಿಯ ಹಳೆಯ ವಾಹನಗಳನ್ನು ತಾನೇ ಜೀರ್ಣೋದ್ಧಾರ ಮಾಡಿ ಮಾರುವ ಯೋಜನೆ ಪ್ರಕಟಿಸಿತು. 1960ರಿಂದ 1984ರವರೆಗೆ ತಯಾರಾದ ಲ್ಯಾಂಡ್ ಕ್ರೂಸರ್ 40 ಸರಣಿಗೆ ಮತ್ತೆ ಬಿಡಿಭಾಗ ತಯಾರಿಸುವುದಾಗಿ ಟೊಯೋಟಾ 2021ರಲ್ಲಿ ಹೇಳಿತು. 2018ರ ಸುಜುಕಿ ಜಿಮ್ನಿ, 2020ರಲ್ಲಿ ಅನಾವರಣಗೊಂಡ ಫೋರ್ಡ್ ಬ್ರಾಂಕೊ ಇವೆಲ್ಲ ತಮ್ಮ ಅಜ್ಜಂದಿರ ಮುಖವನ್ನೇ ಹೊತ್ತು ಬಂದವು. ಬೇಡಿಕೆ ಏರಿದಲ್ಲಿ ಅವಸರದ ಕೆಲಸವೂ ಹೆಚ್ಚುತ್ತದೆ. ಹೊಸ ಬಣ್ಣ, ದಪ್ಪ ಟೈರು, ಹೊಲಿಸಿದ ಸೀಟು ಹಾಕಿ, ಕೆಳಗಿನ ತುಕ್ಕಿನ ಮೇಲೆ ಕಪ್ಪು ಲೇಪ ಬಳಿದು, ಪೂರ್ತಿ ರೆಸ್ಟೋರ್ ಮಾಡಿದ ಗಾಡಿ ಎಂದು ಮಾರುವುದು ಸುಲಭವಾಗಿದೆ.

ಇಲ್ಲಿ ನನ್ನ ನಿಲುವು ಒಂದೇ. ಬೋಲ್ಟು ಬಿಚ್ಚಿ ತೆಗೆಯಬಹುದಾದ, ಅಂಗಡಿಯಲ್ಲಿ ಸಿಗುವ ಯಾವ ಭಾಗ ಕೆಟ್ಟಿದ್ದರೂ ಅದು ಬೆಲೆ ಇಳಿಸಲು ಕಾರಣವೇ ಹೊರತು ವಾಹನವನ್ನು ಬಿಟ್ಟುಬರಲು ಕಾರಣವಲ್ಲ. ಬಿಟ್ಟುಬರಲು ಕಾರಣಗಳು ಮೂರೇ: ಚಾಸಿ (ವಾಹನವನ್ನು ಹೊತ್ತಿರುವ ಅಡಿಚೌಕಟ್ಟು) ಕೊಳೆತಿರುವುದು, ದಾಖಲೆ ಸರಿಯಿಲ್ಲದಿರುವುದು, ಬಿಡಿಭಾಗ ಸಿಗದಿರುವುದು. ಎಂಜಿನ್ ಈ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಗಮನಿಸಿ.

ಚಾಸಿ ಹೇಳುವ ಸತ್ಯ

ಬಹುತೇಕ ಹಳೆಯ ಫೋರ್ ವೀಲ್ ಡ್ರೈವ್ ವಾಹನಗಳದ್ದು ಏಣಿಯಾಕಾರದ ಚಾಸಿ. ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ಅವನ್ನು ಅಲ್ಲಲ್ಲಿ ಅಡ್ಡಕ್ಕೆ ಹಿಡಿದಿರುವ ಕ್ರಾಸ್‌ಮೆಂಬರುಗಳು. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಬಾಡಿ ಎಲ್ಲವೂ ಇದರ ಮೇಲೆಯೇ ಕೂತಿರುತ್ತವೆ. ಕಮಾನು ಪಟ್ಟಿಗಳ (ಲೀಫ್ ಸ್ಪ್ರಿಂಗ್) ಮೂಲಕ ಬರುವ ಪ್ರತಿ ಗುಂಡಿಯ ಹೊಡೆತವನ್ನೂ ತಿನ್ನುವುದು ಇದೇ. ಈ ತೊಲೆಗಳು ಹಲವು ಮಾದರಿಗಳಲ್ಲಿ ಒಳಗೆ ಟೊಳ್ಳಾದ ಪೆಟ್ಟಿಗೆಯಂತಿರುವುದರಿಂದ ಕೆಸರು ಮತ್ತು ನೀರು ಒಳಗೆ ಸೇರಿಕೊಂಡು ಅಲ್ಲೇ ನಿಲ್ಲುತ್ತವೆ. ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತದೆ. ಹೊರಗೆ ಒಂದು ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗಿನ ಲೋಹ ಹಾಳೆಯಷ್ಟು ತೆಳುವಾಗಿರಬಹುದು.

ಇದನ್ನು ಪರೀಕ್ಷಿಸಲು ದೊಡ್ಡ ಯಂತ್ರವೇನೂ ಬೇಡ. ಒಂದು ಸಣ್ಣ ಸುತ್ತಿಗೆ, ಒಂದು ಹಳೆಯ ಸ್ಕ್ರೂಡ್ರೈವರ್, ಒಂದು ಟಾರ್ಚು, ಮೈಗೆ ಕೊಳೆಯಾದರೂ ಚಿಂತೆಯಿಲ್ಲದ ಬಟ್ಟೆ ಸಾಕು. ವಾಹನವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡೆ ಕೊಟ್ಟು, ಹಿಂದಿನ ತುದಿಯಿಂದ ಆರಂಭಿಸಿ. ಹಿಂದಿನ ಕ್ರಾಸ್‌ಮೆಂಬರ್ ಮೊದಲು ಕೊಳೆಯುವ ಜಾಗ, ಏಕೆಂದರೆ ಚಕ್ರಗಳು ಎರಚಿದ ಕೆಸರೆಲ್ಲ ಹೋಗಿ ಅಂಟುವುದು ಅಲ್ಲಿಗೇ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ. ಕೊಳೆತ ಜಾಗ, ಅಥವಾ ಮೇಲೆ ಪುಟ್ಟಿ ಮೆತ್ತಿದ ಜಾಗ, ಮಂಕಾಗಿ ದಪ್ ಎನ್ನುತ್ತದೆ. ಸದ್ದು ಬದಲಾದಲ್ಲಿ ಮಾಲೀಕರ ಅನುಮತಿ ಕೇಳಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಒಳಗೆ ಹೋದರೆ ಅದು ಮೇಲ್ಮೈ ತುಕ್ಕಲ್ಲ. ಅಲ್ಲಿಂದ ಕಮಾನು ಪಟ್ಟಿಯ ತುದಿ ಚಾಸಿಗೆ ಸೇರುವ ಬ್ರಾಕೆಟ್ಟುಗಳು, ಬಾಡಿ ಕೂರುವ ಕೈಗಳು, ಸ್ಟಿಯರಿಂಗ್ ಬಾಕ್ಸ್ ಬಿಗಿದಿರುವ ಮುಂಭಾಗ, ಇಂಧನ ಟ್ಯಾಂಕಿನ ಮೇಲ್ಭಾಗ. ಕೊನೆಯದನ್ನು ಯಾರೂ ನೋಡುವುದಿಲ್ಲ, ಕೈಬೆರಳಾದರೂ ತೂರಿಸಿ ಮುಟ್ಟಿ ನೋಡಬೇಕು.

ತೇಪೆಯ ಮೇಲೆ ತೇಪೆ ಹಾಕಿದ ವೆಲ್ಡಿಂಗ್ ಕಂಡರೆ ಅದರ ಅರ್ಥವನ್ನು ಓದಬೇಕು. ಕೊಳೆತ ಲೋಹವನ್ನು ಕತ್ತರಿಸಿ ತೆಗೆದು, ಗಟ್ಟಿ ಲೋಹದಿಂದ ಗಟ್ಟಿ ಲೋಹಕ್ಕೆ ಬೆಸೆದ ತೇಪೆ ಒಳ್ಳೆಯ ದುರಸ್ತಿ. ಕೊಳೆತದ್ದರ ಮೇಲೆಯೇ ತಗಡು ಮುಚ್ಚಿ ಸುತ್ತ ಚುಕ್ಕಿ ಚುಕ್ಕಿಯಾಗಿ ಬೆಸೆದಿದ್ದರೆ ನೀರು ಕೂರಲು ಇನ್ನೊಂದು ಗೂಡು ಕಟ್ಟಿಕೊಟ್ಟಂತೆ. ಇಡೀ ಹೊಟ್ಟೆಗೆ ಹೊಚ್ಚಹೊಸ ಕಪ್ಪು ಲೇಪ ಬಳಿದಿರುವ ವಾಹನವನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಪ್ರಾಮಾಣಿಕವಾಗಿ ಮೇಲಿನ ತುಕ್ಕು ಕಾಣಿಸುವ ಒಣ ಚಾಸಿ ಅದಕ್ಕಿಂತ ಎಷ್ಟೋ ಮೇಲು.

ಲ್ಯಾಂಡ್ ರೋವರ್ ಇಲ್ಲಿ ಹಲವರನ್ನು ದಾರಿತಪ್ಪಿಸುತ್ತದೆ. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಈ ವಾಹನದ ಬಾಡಿಗೆ ಅಲ್ಯೂಮಿನಿಯಂ ಮಿಶ್ರಲೋಹ ಬಳಸಲಾಯಿತು. ಯುದ್ಧ ಮುಗಿದ ಆ ದಿನಗಳಲ್ಲಿ ಬ್ರಿಟನ್ನಿನಲ್ಲಿ ಉಕ್ಕಿಗೆ ಪಡಿತರವಿತ್ತು. ಅಲ್ಯೂಮಿನಿಯಂ ಬಾಡಿಗೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆಯಿಂದ ಜನ ನೆಮ್ಮದಿಯಾಗಿರುತ್ತಾರೆ. ಆದರೆ ಚಾಸಿಯೂ, ಎಂಜಿನ್ ಮತ್ತು ಚಾಲಕನ ನಡುವಿನ ಬಲ್ಕ್‌ಹೆಡ್ ಎಂಬ ಗೋಡೆಯೂ ಉಕ್ಕಿನದೇ. ಜೊತೆಗೆ ಅಲ್ಯೂಮಿನಿಯಂ ಮತ್ತು ಉಕ್ಕು ತೇವದಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ಮೇಲೆ ನೇರವಾಗಿ ಹೊಳೆಯುವ ಬಾಡಿ, ಕೆಳಗೆ ಬೆರಳಿಗೆ ಪುಡಿಯಾಗುವ ಚಾಸಿ ಎಂಬ ಜೋಡಿ ಈ ಮಾದರಿಯಲ್ಲಿ ಅಪರೂಪವಲ್ಲ. ಪಾದ ಇಡುವ ಜಾಗದ ಮ್ಯಾಟ್ ಎತ್ತಿ ಬಲ್ಕ್‌ಹೆಡ್ಡಿನ ತಳವನ್ನೂ, ಬಾಗಿಲಿನ ಕೀಲುಗಳ ಸುತ್ತಲನ್ನೂ ನೋಡದೆ ಮಾತು ಮುಂದುವರಿಸಬೇಡಿ.

ಲ್ಯಾಂಡ್ ರೋವರಿಗೆ ಸತುವಿನಲ್ಲಿ ಅದ್ದಿ ತೆಗೆದ ಹೊಚ್ಚಹೊಸ ಚಾಸಿಗಳನ್ನು ಬ್ರಿಟನ್ನಿನ ತಯಾರಕರು ಇಂದಿಗೂ ಮಾಡುತ್ತಾರೆ ಎಂಬುದು ನಿಜ. ಹಾಗಾಗಿ ಕೊಳೆತ ಚಾಸಿ ಎಂದರೆ ಎಲ್ಲ ಮುಗಿಯಿತು ಎಂದಲ್ಲ. ಆದರೆ ಚಾಸಿ ಬದಲಿಸುವುದೆಂದರೆ ವಾಹನದ ಪ್ರತಿಯೊಂದು ಭಾಗವನ್ನೂ ಬಿಚ್ಚಿ ಮತ್ತೆ ಕೂರಿಸುವುದು. ಆ ಕೆಲಸಕ್ಕೆ ಸಿದ್ಧರಾಗಿ, ಅದರ ವೆಚ್ಚವನ್ನು ಬೆಲೆಯಲ್ಲಿ ಕಳೆದು ಕೊಂಡರೆ ಅಡ್ಡಿಯಿಲ್ಲ. ಕೊಂಡ ಮೇಲೆ ಗೊತ್ತಾದರೆ ಅದೇ ವಾಹನ ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಲ್ಲುತ್ತದೆ.

ಎಲ್ಲ ಆಫ್‌ರೋಡ್ ವಾಹನಗಳಿಗೂ ಪ್ರತ್ಯೇಕ ಚಾಸಿ ಇರುವುದಿಲ್ಲ ಎಂಬುದೂ ನೆನಪಿರಲಿ. 1977ರಲ್ಲಿ ತಯಾರಿಕೆ ಆರಂಭವಾದ ಲಾಡಾ ನಿವಾ, 1984ರ ಮಾದರಿಯಾಗಿ ಬಂದ ಜೀಪ್ ಚೆರೋಕಿ ಇವುಗಳಲ್ಲಿ ಬಾಡಿಯೇ ಬೆನ್ನೆಲುಬು. ಇಂಥ ವಾಹನದಲ್ಲಿ ಬಾಗಿಲಿನ ಕೆಳಗಿನ ಹೊಸ್ತಿಲು ಕೊಳೆತಿದ್ದರೆ ಅದು ಟಿಂಕರಿಂಗ್ ಮಾಡಿ ಮುಚ್ಚುವ ಅಂದದ ವಿಷಯವಲ್ಲ, ವಾಹನದ ಬಲವೇ ಕುಂದಿದೆ ಎಂದರ್ಥ. ಹೊಸ ಚಾಸಿ ತಂದು ಹಾಕುವ ಅವಕಾಶವೂ ಅಲ್ಲಿಲ್ಲ.

ಕಾಗದದ ಮೇಲಿನ ವಾಹನ

ಚಾಸಿ ಗಟ್ಟಿಯಿದ್ದರೆ ಮುಂದಿನ ಕೆಲಸ ಅದರ ಮೇಲೆ ಕೊರೆದಿರುವ ಸಂಖ್ಯೆಯನ್ನು ಕಣ್ಣಾರೆ ಓದುವುದು. ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳು ಲೋಹದ ಮೇಲಿನವುಗಳೊಂದಿಗೆ ಅಕ್ಷರಶಃ ಹೊಂದಬೇಕು. ಹಳೆಯ ದುಡಿಮೆಯ ವಾಹನಗಳಲ್ಲಿ ಎಂಜಿನ್ ಬದಲಾಗಿರುವುದು ಸಾಮಾನ್ಯ. ಅದನ್ನು ದಾಖಲೆಯಲ್ಲಿ ನಮೂದಿಸದೆ ಬಿಟ್ಟಿರುವುದೂ ಅಷ್ಟೇ ಸಾಮಾನ್ಯ. ಸಂಖ್ಯೆಯ ಸುತ್ತ ಉಜ್ಜಿದ ಗುರುತು, ಸಾಲು ತಪ್ಪಿದ ಅಂಕಿಗಳು, ಸಂಖ್ಯೆ ಇರುವ ತುಂಡನ್ನೇ ಕತ್ತರಿಸಿ ಬೆಸೆದಂಥ ಗೆರೆ ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಹಿಂದಿರುಗುವುದೇ ಸರಿ. ತುಕ್ಕನ್ನು ವೆಲ್ಡಿಂಗ್ ಸರಿಪಡಿಸುತ್ತದೆ. ಕದ್ದ ವಾಹನದ ಗುರುತನ್ನು ಯಾವ ಗ್ಯಾರೇಜೂ ಸರಿಪಡಿಸಲಾರದು. ಮಾಲೀಕರು ತೀರಿಹೋಗಿ ಮನೆಯವರು ಮಾರುತ್ತಿದ್ದರೆ ವಾರಸುದಾರಿಕೆಯ ಪತ್ರವೂ, ಸೇನೆ ಅಥವಾ ಇಲಾಖೆಯ ಹರಾಜಿನಿಂದ ಬಂದದ್ದಾದರೆ ಆ ಹರಾಜಿನ ಕಾಗದವೂ ಕೈಗೆ ಬರಬೇಕು.

ಇನ್ನು ಕಾನೂನು. ಹಳೆಯ ವಾಹನಕ್ಕೆ ವಿಶೇಷ ಸ್ಥಾನ ಕೊಡುವ ವಯಸ್ಸು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 25 ವರ್ಷ ದಾಟಿದ ವಾಹನವನ್ನು ಅಲ್ಲಿನ ಸುರಕ್ಷತಾ ಮಾನದಂಡಗಳ ತೊಡಕಿಲ್ಲದೆ ಆಮದು ಮಾಡಿಕೊಳ್ಳಬಹುದು. ಬೇರೆ ದೇಶಗಳ ಹಳೆಯ ಲ್ಯಾಂಡ್ ಕ್ರೂಸರುಗಳಿಗೂ ಲ್ಯಾಂಡ್ ರೋವರ್ ಡಿಫೆಂಡರುಗಳಿಗೂ ಅಲ್ಲಿ ಬೇಡಿಕೆ ಹುಟ್ಟಲು ಇದೂ ಒಂದು ಕಾರಣ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಐತಿಹಾಸಿಕ ವಾಹನವೆಂದರೆ ಕನಿಷ್ಠ 30 ವರ್ಷದ್ದು, ಈಗ ತಯಾರಿಕೆಯಲ್ಲಿ ಇಲ್ಲದ್ದು, ಮೂಲ ಸ್ಥಿತಿಯಲ್ಲೇ ಉಳಿಸಿಕೊಂಡದ್ದು. ಭಾರತ 2021ರಲ್ಲಿ ತಂದ ನಿಯಮದಲ್ಲಿ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ತುಂಬಿರಬೇಕು, ಮೂಲ ರೂಪ ಉಳಿದಿರಬೇಕು, ಅಲ್ಲದೆ ಹಾಗೆ ನೋಂದಣಿಯಾದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಐರೋಪ್ಯ ಮತ್ತು ಭಾರತೀಯ ನಿಯಮಗಳಲ್ಲಿ ಸಮಾನವಾಗಿ ಕಾಣುವುದೊಂದಿದೆ. ವಾಹನ ಮೂಲ ರೂಪದಲ್ಲಿ ಇರುವವರೆಗೆ ಮಾತ್ರ ರಿಯಾಯಿತಿ. ದೊಡ್ಡ ಎಂಜಿನ್, ಬೇರೆ ಆಕ್ಸಲ್, ಬದಲಾದ ಚಾಸಿ ಹಾಕಿದ ಕೂಡಲೇ ಆ ಸ್ಥಾನ ಕೈತಪ್ಪಬಹುದು. ವಾರಾಂತ್ಯಕ್ಕೊಮ್ಮೆ ಕಾಡುದಾರಿಗೆ ಒಯ್ಯುವ ಕನಸು ಇಟ್ಟುಕೊಂಡವರು ವಿಂಟೇಜ್ ನೋಂದಣಿ ಮಾಡಿಸಿಕೊಂಡರೆ ತಮ್ಮ ಕೈಯನ್ನು ತಾವೇ ಕಟ್ಟಿಕೊಂಡಂತಾಗಬಹುದು. ವಾಹನ ಯಾಕೆ ಬೇಕು ಎಂಬುದನ್ನು ಕೊಳ್ಳುವ ಮೊದಲೇ ನಿರ್ಧರಿಸಬೇಕೆನ್ನುವುದು ಇದಕ್ಕೇ. ಕೊಂಡ ಮೇಲೆ ನಿರ್ಧರಿಸೋಣ ಎಂದರೆ ಆಗಲೇ ಅರ್ಧ ದಾರಿ ಮುಚ್ಚಿರುತ್ತದೆ.

ಹೆಚ್ಚು ಹಳೆಯದು ಹೆಚ್ಚು ಕಷ್ಟವಲ್ಲ

ವಾಹನ ಹಳೆಯದಾದಷ್ಟೂ ದುರಸ್ತಿ ಕಠಿಣ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಆಫ್‌ರೋಡ್ ವಾಹನಗಳ ಮಟ್ಟಿಗೆ ಇದು ಹಲವು ಸಲ ತಲೆಕೆಳಗು. ಎರಡನೇ ಮಹಾಯುದ್ಧಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ನಕ್ಷೆಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. 2.2 ಲೀಟರಿನ, 60 ಅಶ್ವಶಕ್ತಿಯ ಅದರ ಎಂಜಿನ್ನಿನಲ್ಲಿ ಒಂದೂ ಎಲೆಕ್ಟ್ರಾನಿಕ್ ಚಿಪ್ ಇಲ್ಲ. ಸ್ಪಾನರ್ ಹಿಡಿಯಲು ಬಲ್ಲ ಯಾರಿಗಾದರೂ ಅದು ಅರ್ಥವಾಗುತ್ತದೆ. ಎಂಬತ್ತು ವರ್ಷ ಕಳೆದರೂ ಅದರ ಗ್ಯಾಸ್ಕೆಟ್‌ನಿಂದ ಹಿಡಿದು ಪೂರ್ತಿ ಬಾಡಿಯವರೆಗೆ ಹೊಸದಾಗಿ ಸಿಗುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಇಂದಿಗೂ ಈ ಬಾಡಿಗಳು ತಯಾರಾಗುತ್ತಿವೆ.

ಇದಕ್ಕೆ ಪ್ರತಿಯಾಗಿ ಇಪ್ಪತ್ತು ವರ್ಷ ಹಳೆಯ, ಐಷಾರಾಮದ ಫೋರ್ ವೀಲ್ ಡ್ರೈವ್ ಒಂದನ್ನು ಯೋಚಿಸಿ. ಗಾಳಿಯ ಸಸ್ಪೆನ್ಷನ್, ಹತ್ತಾರು ನಿಯಂತ್ರಣ ಪೆಟ್ಟಿಗೆಗಳು, ಕೀಲಿಯನ್ನೇ ಗುರುತಿಸುವ ಕಂಪ್ಯೂಟರ್, ಇವುಗಳ ನಡುವೆ ಕಿಲೋಮೀಟರುಗಟ್ಟಲೆ ತಂತಿ. ಒಂದು ಪೆಟ್ಟಿಗೆ ಸತ್ತರೆ, ಅದರ ತಯಾರಿಕೆ ನಿಂತಿದ್ದರೆ, ಗಟ್ಟಿ ಎಂಜಿನ್ ಇದ್ದೂ ವಾಹನ ಕದಲುವುದಿಲ್ಲ. ಬೆಲೆ ಅಗ್ಗವಾಗಿ ಕಾಣುವುದು ಇಂಥವುಗಳದ್ದೇ. ಮೊದಲ ಬಾರಿಗೆ ಈ ಕೆಲಸಕ್ಕೆ ಇಳಿಯುವವರಿಗೆ ಅರವತ್ತು, ಎಪ್ಪತ್ತು, ಎಂಬತ್ತರ ದಶಕದ ಸರಳ ವಾಹನವೇ ಹೆಚ್ಚು ಕರುಣೆ ತೋರುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ಮಾದರಿಯ ಆಯ್ಕೆಯಲ್ಲಿ ಮೊದಲ ಪ್ರಶ್ನೆ ಅದು ಎಷ್ಟು ಅಂದ ಎಂಬುದಲ್ಲ, ಎಷ್ಟು ತಯಾರಾಗಿದ್ದವು ಎಂಬುದು. ಲಕ್ಷಗಟ್ಟಲೆ ತಯಾರಾದ, ದಶಕಗಟ್ಟಲೆ ಹೆಚ್ಚು ಬದಲಾಗದೆ ಉಳಿದ ಮಾದರಿಗೆ ಬಿಡಿಭಾಗ ಸಿಗುತ್ತದೆ, ತಿಳಿದ ಮೆಕ್ಯಾನಿಕ್ಕೂ ಸಿಗುತ್ತಾರೆ. ಲ್ಯಾಂಡ್ ಕ್ರೂಸರ್ 70 ಸರಣಿ 1984ರಲ್ಲಿ ಶುರುವಾಗಿ ಇಂದಿಗೂ ತಯಾರಾಗುತ್ತಿದೆ. ಅಂಥದ್ದರ ಮುಂದೆ ಕೆಲವೇ ನೂರು ತಯಾರಾದ ಅಪರೂಪದ ಮಾದರಿಯ ಆಕರ್ಷಣೆ ಎಷ್ಟೇ ಇರಲಿ, ಅದರ ಒಂದು ಬಾಗಿಲಿನ ಹಿಡಿಗಾಗಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಕೊಳ್ಳುವ ಮೊದಲೇ ಹತ್ತು ಭಾಗಗಳ ಪಟ್ಟಿ ಮಾಡಿ: ಮುಂದಿನ ಗಾಜು, ಗಾಜಿನ ಸುತ್ತಿನ ರಬ್ಬರ್, ಬ್ರೇಕ್ ಮಾಸ್ಟರ್ ಸಿಲಿಂಡರ್, ಸ್ಟಿಯರಿಂಗ್ ಬಾಕ್ಸ್, ಟ್ರಾನ್ಸ್‌ಫರ್ ಕೇಸಿನ (ಎರಡೂ ಆಕ್ಸಲ್ಲುಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಗೇರುಗಳು, ವಾಟರ್ ಪಂಪ್, ಕ್ಲಚ್ ಪ್ಲೇಟ್, ಆಕ್ಸಲ್ ಶಾಫ್ಟ್, ಮೀಟರುಗಳು, ದೀಪದ ಗಾಜು. ಇವು ಎಲ್ಲಿ, ಎಷ್ಟಕ್ಕೆ, ಎಷ್ಟು ದಿನದಲ್ಲಿ ಸಿಗುತ್ತವೆ ಎಂದು ವಿಚಾರಿಸಿ ನೋಡಿ. ಎಂಜಿನ್ ಭಾಗಗಳಿಗಿಂತ ಗಾಜು, ರಬ್ಬರ್, ಒಳಗಿನ ಅಲಂಕಾರದ ಚೂರುಗಳೇ ಹೆಚ್ಚು ಕಾಡುತ್ತವೆ. ಎಂಜಿನ್ ಭಾಗವನ್ನು ಲೇತ್‌ನಲ್ಲಿ ಮಾಡಿಸಿಕೊಳ್ಳಬಹುದು, ಬಾಗಿದ ಗಾಜನ್ನು ಮಾಡಿಸುವುದು ಎಲ್ಲರ ಕೈಲಾಗುವ ಮಾತಲ್ಲ.

ಒಂದು ಸಣ್ಣ ವಿಷಯ, ಆದರೆ ಕೆಲಸಕ್ಕೆ ಇಳಿದವರಿಗೆ ದೊಡ್ಡದಾಗಿ ಕಾಣುತ್ತದೆ. ಹಳೆಯ ಬ್ರಿಟಿಷ್ ವಾಹನಗಳಲ್ಲಿ ಬೋಲ್ಟಿನ ಮರೆ (ತಿರುಪಿನ ಸುರುಳಿ ಗೀರು) ಒಂದೇ ಅಳತೆಯದಲ್ಲ. ಲ್ಯಾಂಡ್ ರೋವರಿನಲ್ಲಿ ಕಾಲಕ್ಕೆ ತಕ್ಕಂತೆ ಹಳೆಯ ಬ್ರಿಟಿಷ್ ಅಳತೆ, ಇಂಚಿನ ಅಳತೆ, ಮಿಲಿಮೀಟರ್ ಅಳತೆ ಮೂರೂ ಬಂದುಹೋಗಿವೆ. ಕೈಯಲ್ಲಿರುವ ಸ್ಪಾನರ್ ಸೆಟ್ಟು ಹೊಂದದಿದ್ದಾಗ ಹತ್ತಿರದ ಅಳತೆಯಲ್ಲಿ ತಿರುಗಿಸಿ ಬೋಲ್ಟಿನ ತಲೆ ಉರುಟು ಮಾಡಿದ ಗುರುತುಗಳು ಹಳೆಯ ಮೆಕ್ಯಾನಿಕ್ಕಿನ ಕೈ ಎಂಥದ್ದೆಂದು ಹೇಳುತ್ತವೆ.

ಎಂಜಿನ್, ಗೇರು ಮತ್ತು ಇಂದಿನ ಪೆಟ್ರೋಲು

ಎಂಜಿನ್ ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಬೆಲೆ ಕಟ್ಟಲು ನೋಡಿ. ನೀವು ಹೋಗುವ ಮೊದಲೇ ಸ್ಟಾರ್ಟ್ ಮಾಡಿಡಬಾರದೆಂದು ಮಾಲೀಕರಿಗೆ ಹೇಳಿ, ಹೋದ ಕೂಡಲೇ ಬಾನೆಟ್ ಮುಟ್ಟಿ ತಣ್ಣಗಿದೆಯೇ ನೋಡಿ. ತಣ್ಣನೆಯ ಎಂಜಿನ್ ಮಾತ್ರ ನಿಜ ಹೇಳುತ್ತದೆ. ನಿಲ್ಲದೆ ಬರುವ ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ, ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಅಂಟಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸೇರುತ್ತಿರಬಹುದು. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಲು ಸಾಧ್ಯವಾದರೆ ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇಕಡಾ 10–15ರೊಳಗೆ ಇರಬೇಕು. ಇವೆಲ್ಲ ಕೆಟ್ಟಿದ್ದರೂ ಬೋರ್ ಮಾಡಿಸಿ ಪಿಸ್ಟನ್ ಹಾಕಿಸುವ ಕೆಲಸಕ್ಕೆ ಒಂದು ಅಂದಾಜು ಬೆಲೆ ಇದೆ, ಅದನ್ನು ಮಾತುಕತೆಯಲ್ಲಿ ಕಳೆಯಿರಿ.

ನಡೆಸಿ ನೋಡುವಾಗ ಗಮನ ಗೇರುಗಳ ಮೇಲಿರಲಿ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಗೇರು ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬಂದರೆ ಒಳಗೆ ಸವೆತವಿದೆ. ಫೋರ್ ವೀಲ್ ಮತ್ತು ಲೋ ಗೇರುಗಳನ್ನು ಮಣ್ಣಿನ ನೆಲದಲ್ಲಿಯೇ ಪರೀಕ್ಷಿಸಬೇಕು. ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವ ಹಳೆಯ ವ್ಯವಸ್ಥೆಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸವನ್ನು ಹೊಂದಿಸುವ ಡಿಫರೆನ್ಷಿಯಲ್ ಇರುವುದಿಲ್ಲವಾದ್ದರಿಂದ ಡಾಂಬರಿನ ಮೇಲೆ ತಿರುವಿದರೆ ಗೇರುಗಳು ಬಿಗಿದುಕೊಂಡು ಒದ್ದಾಡುತ್ತವೆ. ಮುಂದಿನ ಚಕ್ರವನ್ನು ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಇಟ್ಟು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಅಥವಾ ಕಿಂಗ್ ಪಿನ್ (ಚಕ್ರ ಎಡಬಲಕ್ಕೆ ಹೊರಳುವ ಕೀಲಿನ ಗೂಟ) ಸವೆದಿದೆ. ಎಡ ಬಲಕ್ಕೆ ಆಟ ಇದ್ದರೆ ಸ್ಟಿಯರಿಂಗಿನ ಕೀಲುಗಳು ಸವೆದಿವೆ. ಆಕ್ಸಲ್ ಆಯಿಲ್ ಸ್ವಲ್ಪ ಸುರಿಸಿ ನೋಡಿ. ಅದು ಹಾಲಿನ ಚಹಾದ ಬಣ್ಣಕ್ಕಿದ್ದರೆ ವಾಹನ ಆಳದ ನೀರಿಗೆ ಇಳಿದಿದೆ, ಅಲ್ಲಿಂದ ಬಂದ ಮೇಲೆ ಯಾರೂ ಆಯಿಲ್ ಬದಲಿಸಿಲ್ಲ. ಆ ನಿರ್ಲಕ್ಷ್ಯ ಆಕ್ಸಲ್ಲಿಗೆ ಮಾತ್ರ ಸೀಮಿತವಾಗಿರುವುದಿಲ್ಲ.

ಪೆಟ್ರೋಲಿನ ಪ್ರಶ್ನೆ ಈಚೆಗೆ ಗಂಭೀರವಾಗಿದೆ, ಆದರೂ ಖರೀದಿಯ ಮಾತಿನಲ್ಲಿ ಇದು ಬರುವುದೇ ಇಲ್ಲ. ಹಳೆಯ ಎಂಜಿನ್‌ಗಳು ಸೀಸ ಬೆರೆಸಿದ ಪೆಟ್ರೋಲಿನ ಕಾಲದವು. ಸೀಸದ ಅಂಶ ವಾಲ್ವ್ ಕೂರುವ ಸೀಟಿನ ಮೇಲೆ ಪದರವಾಗಿ ನಿಂತು ಸವೆತ ತಡೆಯುತ್ತಿತ್ತು. ಆರೋಗ್ಯಕ್ಕೆ ಮಾರಕವಾಗಿದ್ದ ಆ ಇಂಧನವನ್ನು ಜಗತ್ತು ಹಂತ ಹಂತವಾಗಿ ಬಿಟ್ಟಿತು. 2021ರಲ್ಲಿ ಅಲ್ಜೀರಿಯ ಮಾರಾಟ ನಿಲ್ಲಿಸುವುದರೊಂದಿಗೆ ರಸ್ತೆ ವಾಹನಗಳಿಗೆ ಅದು ಎಲ್ಲೆಡೆ ಮುಗಿಯಿತು. ಬಿಡಬೇಕಾದದ್ದೇ ಅದು. ಆದರೆ ಹೆಡ್ಡಿನಲ್ಲಿ ಗಟ್ಟಿ ಉಕ್ಕಿನ ಸೀಟು ಕೂರಿಸದ ಹಳೆಯ ಎಂಜಿನ್ ಹೆಚ್ಚು ಭಾರ, ಹೆಚ್ಚು ವೇಗದಲ್ಲಿ ಓಡಿದರೆ ವಾಲ್ವುಗಳು ಸೀಟಿನೊಳಗೆ ಇಳಿಯುತ್ತಾ ಹೋಗುತ್ತವೆ. ಹೆಡ್ ಹೇಗೂ ಬಿಚ್ಚುವಾಗ ಈ ಸೀಟು ಹಾಕಿಸಿಬಿಡುವುದು ಒಳ್ಳೆಯದು.

ಎರಡನೆಯದು ಎಥೆನಾಲ್. ಬ್ರಿಟನ್ 2021ರಲ್ಲಿ ಸಾಮಾನ್ಯ ಪೆಟ್ರೋಲನ್ನು ಶೇಕಡಾ 10 ಎಥೆನಾಲಿಗೆ ಏರಿಸಿತು, ಭಾರತ ಶೇಕಡಾ 20 ತಲುಪಿದೆ, ಬ್ರೆಜಿಲ್ 2025ರಲ್ಲಿ ಶೇಕಡಾ 30ಕ್ಕೆ ಹೋಯಿತು. ಎಥೆನಾಲ್ ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ, ಗಾಳಿಯ ತೇವ ಹೀರಿಕೊಂಡು ಟ್ಯಾಂಕಿನ ತಳದಲ್ಲಿ ನೀರು ಕೂಡುವಂತೆ ಮಾಡುತ್ತದೆ, ಕಾರ್ಬುರೇಟರಿನ ಮೆದು ಲೋಹವನ್ನು ತಿನ್ನುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿಡುವ ಹವ್ಯಾಸದ ವಾಹನಕ್ಕೆ ಇದರ ಪೆಟ್ಟು ಇನ್ನೂ ಹೆಚ್ಚು. ಪೈಪು, ಪಂಪಿನ ಡಯಾಫ್ರಂ, ಕಾರ್ಬುರೇಟರ್ ಕಿಟ್ ಎಲ್ಲವನ್ನೂ ಎಥೆನಾಲ್ ತಾಳುವ ಗುಣಮಟ್ಟದ್ದಕ್ಕೆ ಬದಲಿಸುವ ಖರ್ಚು ದೊಡ್ಡದಲ್ಲ. ಬದಲಿಸದೆ ಬಿಟ್ಟರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿ ಬೆಂಕಿ ಹಿಡಿಯಬಹುದು.

ಮೂಲ ಎಂಜಿನ್ ತೆಗೆದು ಆಧುನಿಕ ಎಂಜಿನ್ ಕೂರಿಸುವ ರೂಢಿ ಈಗ ಬಲವಾಗಿದೆ. ಎಲ್ಲವನ್ನೂ ಮೂಲದಂತೆಯೇ ಇಡಬೇಕೆಂಬ ಹಟ ನನಗಿಲ್ಲ, ದಿನವೂ ಓಡಿಸುವವರಿಗೆ ಅದು ಕಷ್ಟವೂ ಹೌದು. ಆದರೆ 60 ಅಶ್ವಶಕ್ತಿಗೆಂದು ಮಾಡಿದ ಆಕ್ಸಲ್, ಡ್ರಮ್ ಬ್ರೇಕ್, ರೇಡಿಯೇಟರ್‌ಗಳ ಮೇಲೆ ಅದರ ಎರಡರಷ್ಟು ಶಕ್ತಿ ಹೇರಿದರೆ ಅದೊಂದು ಸರಪಳಿ: ಮೊದಲು ಕ್ಲಚ್, ಆಮೇಲೆ ಗೇರ್‌ಬಾಕ್ಸ್, ಆಮೇಲೆ ಆಕ್ಸಲ್, ಕೊನೆಗೆ ಬ್ರೇಕು. ಎಂಜಿನ್ ಹಾಕಿ ಬ್ರೇಕಿನ ಕೆಲಸವನ್ನು ಮುಂದಕ್ಕೆ ಹಾಕಿದ ವಾಹನಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಆ ಸರಪಳಿಯ ವೆಚ್ಚವನ್ನೆಲ್ಲ ಬೆಲೆಯಲ್ಲಿ ಕಳೆಯದೆ ಅವನ್ನು ಕೊಳ್ಳಬೇಡಿ.

ಹಣ, ಜಾಗ, ಜೀವ

ಜೀರ್ಣೋದ್ಧಾರದ ವೆಚ್ಚದಲ್ಲಿ ಬಿಡಿಭಾಗದ ಪಾಲಿಗಿಂತ ಕೈಕೂಲಿಯ ಪಾಲು ದೊಡ್ಡದು. ಅದರಲ್ಲೂ ಟಿಂಕರಿಂಗ್ ಮತ್ತು ಬಣ್ಣದ ಕೆಲಸ ನುಂಗುವಷ್ಟು ಗಂಟೆಗಳನ್ನು ಎಂಜಿನ್ನೂ ನುಂಗುವುದಿಲ್ಲ. ವೆಲ್ಡಿಂಗ್, ತಗಡು ಬಡಿಯುವುದು, ಉಜ್ಜುವುದು ನಿಮಗೇ ಬರುತ್ತದೆಯೆಂದರೆ ಲೆಕ್ಕವೇ ಬೇರೆ. ಬರುವುದಿಲ್ಲವೆಂದರೆ ನಿಮ್ಮ ಕೈಯಲ್ಲಿರುವ ಹಣದಲ್ಲಿ ಕೊಳ್ಳಬಹುದಾದ ಅತ್ಯಂತ ಗಟ್ಟಿ ವಾಹನವನ್ನೇ ಕೊಳ್ಳಿ. ಅಗ್ಗದ ಕೊಳೆತ ವಾಹನಕ್ಕೂ ದುಬಾರಿ ಗಟ್ಟಿ ವಾಹನಕ್ಕೂ ಇರುವ ಬೆಲೆಯ ಅಂತರ, ಆ ಕೊಳೆತದ್ದನ್ನು ಗಟ್ಟಿ ಮಾಡಲು ತಗಲುವ ವೆಚ್ಚಕ್ಕಿಂತ ಬಹುತೇಕ ಯಾವಾಗಲೂ ಕಡಿಮೆ. ಹಾಕಿದ ಹಣ ಮಾರಾಟದಲ್ಲಿ ಹಿಂದಿರುಗುತ್ತದೆ ಎಂಬ ಲೆಕ್ಕವನ್ನು ಆರಂಭದಲ್ಲೇ ಬದಿಗಿಡುವುದು ಕ್ಷೇಮ. ಮಾರುಕಟ್ಟೆ ಏರಿದ ಮಾದರಿಗಳಲ್ಲೂ ಹೆಚ್ಚಿನ ಲಾಭ ಆಗಿರುವುದು ಗಟ್ಟಿಯಾಗಿ ಉಳಿದುಬಂದ ವಾಹನಗಳಿಂದ, ಪರರ ಕೈಕೂಲಿಯಲ್ಲಿ ಕಟ್ಟಿ ನಿಲ್ಲಿಸಿದವುಗಳಿಂದ ಅಲ್ಲ.

ಜಾಗದ ಬಗ್ಗೆ ಒಂದೇ ಮಾತು: ಬಿಚ್ಚಿಟ್ಟ ವಾಹನ ನಿಂತ ವಾಹನಕ್ಕಿಂತ ಎರಡರಷ್ಟಾದರೂ ನೆಲ ಕೇಳುತ್ತದೆ. ಮಳೆ ಬೀಳದ, ಬೇರೆಯವರು ಕೈಹಾಕದ ಅಷ್ಟು ಜಾಗವಿಲ್ಲದಿದ್ದರೆ ಪೂರ್ತಿ ಬಿಚ್ಚುವ ಯೋಚನೆ ಬೇಡ. ಇನ್ನೊಬ್ಬರು ಬಿಚ್ಚಿ, ಡಬ್ಬಗಳಲ್ಲಿ ತುಂಬಿ, ಉತ್ಸಾಹ ಇಳಿದ ಮೇಲೆ ಮಾರುತ್ತಿರುವ ವಾಹನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಡಬ್ಬದಲ್ಲಿ ಏನಿದೆ ಎಂಬುದು ಕಾಣುತ್ತದೆ, ಏನಿಲ್ಲ ಎಂಬುದು ಜೋಡಿಸುವಾಗಲಷ್ಟೇ ತಿಳಿಯುತ್ತದೆ. ತಾನು ಬಿಚ್ಚದ ವಾಹನವನ್ನು ಜೋಡಿಸುವುದು ಅನುಭವಿ ಮೆಕ್ಯಾನಿಕ್ಕಿಗೂ ಪ್ರಯಾಸದ ಕೆಲಸ.

ಸುರಕ್ಷತೆಯ ವಿಷಯದಲ್ಲಿ ಮೆಲುದನಿಯಲ್ಲಿ ಮಾತಾಡಲಾಗದು. ಹಳೆಯ ಜೀಪುಗಳಲ್ಲಿ ಏರ್‌ಬ್ಯಾಗ್ ಇಲ್ಲ, ಡಿಕ್ಕಿಯ ಹೊಡೆತವನ್ನು ಹೀರಿಕೊಳ್ಳುವ ಮುಂಭಾಗವಿಲ್ಲ, ಹಲವದರಲ್ಲಿ ಸೀಟ್ ಬೆಲ್ಟ್ ಸಹ ಇಲ್ಲ. ಎತ್ತರದ ಗಾತ್ರ, ಕಿರಿದಾದ ಅಗಲ ಸೇರಿ ಪಲ್ಟಿಯಾಗುವ ಸಂಭವ ಹೆಚ್ಚು. ಅನೇಕವುಗಳಲ್ಲಿ ಬ್ರೇಕಿಗೆ ಒಂದೇ ಕೊಳವೆ ಮಾರ್ಗ. ಎಲ್ಲೋ ಒಂದು ಕಡೆ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೆ ಹೋಗುತ್ತದೆ. ಎರಡು ಮಾರ್ಗಗಳ ಮಾಸ್ಟರ್ ಸಿಲಿಂಡರ್, ಗಟ್ಟಿಯಾಗಿ ಚಾಸಿಗೆ ಬಿಗಿದ ರೋಲ್ ಬಾರ್, ಮೂರು ಬಿಂದುವಿನ ಬೆಲ್ಟು, ಈ ಮೂರಕ್ಕೆ ಮೂಲ ರೂಪದ ನೆಪ ಹೇಳಬಾರದು. ಇವನ್ನು ಹಾಕಿದರೆ ಮೌಲ್ಯ ಕಡಿಮೆಯಾಗುತ್ತದೆಯೆಂದರೆ ಕಡಿಮೆಯಾಗಲಿ. ಮಕ್ಕಳನ್ನು ಹಿಂದಿನ ಬೆಂಚಿನಲ್ಲಿ ಅಡ್ಡಡ್ಡ ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವ ವಾಹನವಂತೂ ಇದಲ್ಲವೇ ಅಲ್ಲ.

ಕೆಲಸ ಮಾಡುವವರ ಆರೋಗ್ಯಕ್ಕೂ ಅಪಾಯಗಳಿವೆ. ಹಳೆಯ ಬ್ರೇಕ್ ಲೈನರ್, ಕ್ಲಚ್ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ಬಿಚ್ಚಿದಾಗ ಕಾಣುವ ಬೂದು ಧೂಳನ್ನು ಗಾಳಿಯ ಪೈಪಿನಿಂದ ಊದಿ ಹಾರಿಸುವುದು ಗ್ಯಾರೇಜುಗಳಲ್ಲಿ ರೂಢಿ. ಅದನ್ನು ಮಾಡಲೇಬಾರದು. ಒದ್ದೆ ಮಾಡಿ ಒರೆಸಿ, ಒರೆಸಿದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು, ತಕ್ಕ ಮುಖಗವಸು ಹಾಕಬೇಕು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯೂ ಇದೆ, ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸುವ ಕೆಲಸವನ್ನು ಮನೆಯಂಗಳದಲ್ಲಿ, ಮಕ್ಕಳು ಆಡುವಲ್ಲಿ ಮಾಡುವಂತಿಲ್ಲ.

ಇಷ್ಟೆಲ್ಲ ನೋಡಿಯೂ ಚಾಸಿ ಗಟ್ಟಿಯಿದೆ, ಕಾಗದ ಸರಿಯಿದೆ, ಭಾಗಗಳು ಸಿಗುತ್ತವೆ, ಬಳಸುವ ಉದ್ದೇಶ ಸ್ಪಷ್ಟವಿದೆ ಎಂದಾದರೆ ಕೊಳ್ಳಲು ಹಿಂಜರಿಯಬೇಕಿಲ್ಲ. ಇಂಥ ವಾಹನಗಳನ್ನು ಕಟ್ಟಿದ್ದೇ ದುರಸ್ತಿ ಮಾಡಿಕೊಂಡು ಬಹುಕಾಲ ಬಳಸಲೆಂದು. ಅವು ಗುಜರಿಯಲ್ಲಿ ಕೊಳೆಯುವುದಕ್ಕಿಂತ ಓಡುತ್ತಿರುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಆದರೆ ಮನೆಗೆ ತಂದ ಮರುದಿನವೇ ಬಾಡಿ ಎತ್ತಬೇಡಿ, ಬಣ್ಣದ ಡಬ್ಬಿ ಮುಟ್ಟಬೇಡಿ. ಮೊದಲು ಬ್ರೇಕಿನ ಕೊಳವೆಗಳು, ಸಿಲಿಂಡರುಗಳು, ಲೈನರುಗಳು. ನಂತರ ಇಂಧನದ ಪೈಪು. ನಂತರ ಟೈರು: ಅದರ ಪಕ್ಕದ ಮೇಲೆ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿದ್ದರೆ 2014ರ 23ನೇ ವಾರದ್ದು, ಟೈರಿನ ಮೇಲಿನ ಗೀರುಗಳು ಎಷ್ಟೇ ಆಳವಾಗಿ ಉಳಿದಿದ್ದರೂ ಅದರ ಮೇಲೆ ವೇಗವಾಗಿ ಹೋಗುವಂತಿಲ್ಲ. ಆಮೇಲೆ ಸ್ಟಿಯರಿಂಗಿನ ಕೀಲುಗಳು, ಎಲ್ಲ ಕಡೆಯ ಆಯಿಲ್, ವೈರಿಂಗಿಗೆ ಸರಿಯಾದ ಫ್ಯೂಸುಗಳು.

ಇಷ್ಟು ಮಾಡಿ ಕೆಲವು ತಿಂಗಳು ಓಡಿಸಿ. ಎಲ್ಲಿ ಸೋರುತ್ತದೆ, ಯಾವ ವೇಗದಲ್ಲಿ ನಡುಗುತ್ತದೆ, ಯಾವ ಏರಿಗೆ ಬಿಸಿಯಾಗುತ್ತದೆ ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಪೂರ್ತಿ ಬಿಚ್ಚಬೇಕೋ, ಒಂದೊಂದೇ ಭಾಗವನ್ನು ಓಡಿಸುತ್ತಲೇ ಸರಿಪಡಿಸಬೇಕೋ ಎಂಬ ದೊಡ್ಡ ತೀರ್ಮಾನವನ್ನು ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಮಾಡಿ.